ಮೇ 7ರ ಘೋಷಣೆಯಲ್ಲಿ ಒಂದು ‘ಅಗೇನ್’

1834ರ ಮೇ 7ರಂದು ಮಡಿಕೇರಿಯ ದಂಡಿನ ಬಿಡಾರದಿಂದ ಇಂಗ್ಲಿಷಿನಲ್ಲಿ ಒಂದು ಘೋಷಣೆ ಹೊರಟಿತು. ಸಹಿ ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಜರನದು, ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟ್ ಎಂಬ ಹುದ್ದೆಯಲ್ಲಿ. ಎರಡು ನೂರು ವರ್ಷಕ್ಕೂ ಮೀರಿ ನಡೆದುಬಂದ ಕೊಡಗಿನ ಹಾಲೇರಿ ಅರಸೊತ್ತಿಗೆಯನ್ನು ಮುಗಿಸಿದ ಈ ಕಾಗದ ಎಷ್ಟು ಚಿಕ್ಕದೆಂದರೆ, ಅದರಲ್ಲಿರುವುದು ಎರಡು ಉದ್ದನೆಯ ವಾಕ್ಯ ಮಾತ್ರ. ಮೊದಲನೆಯ ವಾಕ್ಯ ಹೇಳುವುದಿಷ್ಟು: ಕೊಡಗಿನ ನಿವಾಸಿಗಳೆಲ್ಲರೂ ಒಮ್ಮತದಿಂದ ಕಂಪನಿಯ ಆಶ್ರಯ ಬಯಸಿದ್ದಾರೆ, ಆದ್ದರಿಂದ ವೀರರಾಜೇಂದ್ರ ಒಡೆಯರು ಈವರೆಗೆ ಆಳುತ್ತಿದ್ದ ನಾಡನ್ನು ಕಂಪನಿಗೆ ವರ್ಗಾಯಿಸಲು ಗವರ್ನರ್ ಜನರಲ್ ತೀರ್ಮಾನಿಸಿದ್ದಾರೆ. ಎರಡನೆಯದು ಭರವಸೆ. ನಿವಾಸಿಗಳನ್ನು ಮತ್ತೆ ದೇಶೀ ಆಳ್ವಿಕೆಗೆ ಒಳಪಡಿಸುವುದಿಲ್ಲ, ಅವರ ಹಕ್ಕು ಮತ್ತು ಧಾರ್ಮಿಕ ನಡಾವಳಿಗಳನ್ನು ಗೌರವಿಸಲಾಗುವುದು, ಅವರ ಕ್ಷೇಮ, ಸುಖ, ಸಂತೋಷಗಳನ್ನು ಹೆಚ್ಚಿಸುವ ಆಸಕ್ತಿಯನ್ನು ಸರ್ಕಾರ ಸದಾಕಾಲ ತೋರಿಸುವುದು.

ಕೊಡಗಿನ ಇತಿಹಾಸ ಓದಿದವರಿಗೆಲ್ಲ ಇದು ಗೊತ್ತಿರುವ ಘೋಷಣೆ. ರೆವರೆಂಡ್ ಜಾರ್ಜ್ ರಿಕ್ಟರ್ ಬರೆದು 1870ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕೊಡಗಿನ ಕೈಪಿಡಿಯಿಂದ ಹಿಡಿದು ಈಚಿನ ಬರಹಗಳವರೆಗೆ ಎಲ್ಲರೂ ಅದನ್ನು ಉದ್ಧರಿಸುತ್ತಾರೆ. ಚರ್ಚೆಯೆಲ್ಲ ನಡೆದಿರುವುದು ‘ಒಮ್ಮತ’ ಎಂಬ ಮಾತಿನ ಸುತ್ತ. ಆ ಒಮ್ಮತ ನಿಜವೇ, ಯಾರನ್ನು ಕೇಳಿದರು, ಕೇಳುವಾಗ ಸುತ್ತ ಎಷ್ಟು ಬಂದೂಕುಗಳಿದ್ದವು ಎಂಬ ಪ್ರಶ್ನೆಗಳೆಲ್ಲ ನ್ಯಾಯವಾದವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ವಾಕ್ಯದಲ್ಲಿ, ‘ನಾಟ್’ ಮತ್ತು ‘ಬಿ’ಗಳ ನಡುವೆ ಕೂತ ಒಂದು ಕ್ರಿಯಾವಿಶೇಷಣ: ‘ಅಗೇನ್’. ಮೂರನೇ ತರಗತಿಯ ಮಗುವಿಗೂ ಗೊತ್ತಿರುವ ಪದ. ಇಲ್ಲಿ ಅದು ಏಕೆ ಬಂತು? ‘ಎಂದಿಗೂ ಇಲ್ಲ’ ಎನ್ನಲು ಇಂಗ್ಲಿಷಿನಲ್ಲಿ ‘ನೆವರ್’ ಇತ್ತಲ್ಲ?

ಈ ಪ್ರಶ್ನೆಯನ್ನು ಹಿಡಿದು ನಾನು ಮೊದಲು ಹೋದದ್ದು ನಿಘಂಟುಗಳ ಕಡೆಗೆ. ಫ್ರೇಜರನ ಪೀಳಿಗೆಯವರ ಕೈಯಲ್ಲಿದ್ದ ಪ್ರಮಾಣಗ್ರಂಥ ಸ್ಯಾಮ್ಯುಯೆಲ್ ಜಾನ್ಸನ್ನನ 1755ರ ನಿಘಂಟು. ಕನ್ನಡಕ್ಕೆ ಬಂದರೆ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್‌–ಕರ್ನಾಟಕ ನಿಘಂಟನ್ನೂ 1832ರಲ್ಲಿ ಕರ್ನಾಟಕ–ಇಂಗ್ಲಿಷ್ ನಿಘಂಟನ್ನೂ ತಂದಾಗಿತ್ತು. ಕಿಟೆಲ್ಲರ ಮಹಾನಿಘಂಟು ಬರಲು ಇನ್ನೂ ಅರವತ್ತು ವರ್ಷ ಇತ್ತು. ‘ಅಗೇನ್’ ಪದದ ಬೇರು ಹಳೆಯ ಇಂಗ್ಲಿಷಿನಲ್ಲಿದೆ. ಅಲ್ಲಿ ಅದಕ್ಕೆ ಎದುರು, ಎದುರಾಗಿ, ಹಿಂದಕ್ಕೆ ಎಂಬ ಅರ್ಥಗಳಿದ್ದವು. ವಿರುದ್ಧ ಎನ್ನುವ ‘ಅಗೇನ್ಸ್ಟ್’ ಇದರ ಒಡಹುಟ್ಟು. ದಿಕ್ಕು ಹೇಳುತ್ತಿದ್ದ ಪದ ಕಾಲಕ್ರಮದಲ್ಲಿ ಸರತಿ ಹೇಳುವ ಪದವಾಯಿತು. ಹಿಂದಕ್ಕೆ ಬಂದದ್ದು ಇನ್ನೊಮ್ಮೆ ಬಂದದ್ದೂ ಆಗುತ್ತದಲ್ಲವೇ, ಹಾಗೆ. ನಮ್ಮ ‘ತಿರುಗಿ’, ‘ಮರಳಿ’ ಎರಡೂ ಇದೇ ದಾರಿಯಲ್ಲಿ ನಡೆದವು. ತಿರುಗು, ಮರಳು ಎಂಬ ಚಲನೆಯ ಧಾತುಗಳಿಂದ ಹುಟ್ಟಿ ‘ಇನ್ನೊಂದು ಸಲ’ ಎಂಬಲ್ಲಿಗೆ ಬಂದು ನಿಂತವು. ನಮ್ಮ ವೈಯಾಕರಣರು ಇಂಥವನ್ನು ಅವ್ಯಯಗಳ ಪಂಕ್ತಿಯಲ್ಲಿ ಕೂರಿಸಿದರು. ಲಿಂಗ, ವಚನ, ವಿಭಕ್ತಿಗಳಿಗೆ ಬಗ್ಗದ ಪದ ಎಂಬರ್ಥದಲ್ಲಿ. ಅರ್ಥ ಮಾತ್ರ ಸಂದರ್ಭ ಸಂದರ್ಭಕ್ಕೆ ಬಗ್ಗುತ್ತದೆ.

‘ಗಿರಿಜೆ ಬಾಗಿಲನ್ನು ತಿರುಗಿ ತೆರೆದಳು’ ಎಂಬ ಸರಳ ವಾಕ್ಯ ನೋಡಿ. ಮೊದಲೊಮ್ಮೆ ತೆರೆದವಳು ಅವಳೇ, ಈಗ ಎರಡನೆಯ ಸಲ ತೆರೆದಳು ಎಂದೂ ಆಗಬಹುದು. ಅವಳು ಎಂದೂ ಆ ಬಾಗಿಲು ಮುಟ್ಟಿರಲಿಲ್ಲ, ತೆರೆದೇ ಇದ್ದ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು, ಅದನ್ನು ಮೊದಲಿನ ಸ್ಥಿತಿಗೆ ತಂದಳು ಎಂದೂ ಆಗಬಹುದು. ಮೊದಲನೆಯದರಲ್ಲಿ ಕ್ರಿಯೆ ಮರುಕಳಿಸಿತು, ಎರಡನೆಯದರಲ್ಲಿ ಸ್ಥಿತಿ ಮರಳಿತು. ಇಂಗ್ಲಿಷ್ ‘ಅಗೇನ್’ಗೂ ಈ ಎರಡು ಮುಖಗಳಿವೆ. ಭಾಷಾವಿಜ್ಞಾನಿಗಳು ಇವತ್ತಿಗೂ ಇದರ ಮೇಲೆ ಪ್ರಬಂಧಗಳನ್ನು ಬರೆಯುತ್ತಿದ್ದಾರೆ. ಇವುಗಳ ಜೊತೆಗೆ ‘ಅದಲ್ಲದೆ’, ‘ಇನ್ನೊಂದು ಕಡೆಯಿಂದ ನೋಡಿದರೆ’, ‘ಅಷ್ಟೇ ಇನ್ನೊಂದು ಪಾಲು’ ಎಂಬ ಬಳಕೆಗಳೂ ಆ ಪದಕ್ಕಿವೆ. ಘೋಷಣೆಯ ಮಟ್ಟಿಗೆ ಅವು ಬೇಡ.

ನಮಗೆ ಬೇಕಾದದ್ದು ನಿಷೇಧದ ಜೊತೆ ಬಂದಾಗ ಈ ಪದ ಏನು ಮಾಡುತ್ತದೆ ಎಂಬುದು. ‘ಅವನು ಕುಡಿಯುವುದಿಲ್ಲ’ ಎಂದರೆ ಅವನ ನಿನ್ನೆಯ ಬಗ್ಗೆ ನಾವೇನೂ ಹೇಳಿದಂತಾಗಲಿಲ್ಲ. ‘ಅವನು ಮತ್ತೆ ಕುಡಿಯುವುದಿಲ್ಲ’ ಎಂದರೆ ನಿನ್ನೆ ಕುಡಿದಿದ್ದ ಎಂದು ಊರಿಗೆಲ್ಲ ಸಾರಿದಂತೆ. ‘ಇಲ್ಲ’ ಎಂಬುದು ಮುಂದಿನ ಕುಡಿತವನ್ನು ಅಳಿಸುತ್ತದೆ, ಹಿಂದಿನದನ್ನು ಮುಟ್ಟುವುದೇ ಇಲ್ಲ. ಆ ವಾಕ್ಯವನ್ನು ಒಪ್ಪಿದರೂ ಅಲ್ಲಗಳೆದರೂ ಹಳೆಯ ಕುಡಿತ ಅಲ್ಲೇ ಉಳಿಯುತ್ತದೆ. ಫ್ರೇಜರನ ವಾಕ್ಯದಲ್ಲಿ ಆದದ್ದೂ ಇದೇ. ‘ನೆವರ್’ ಎಂದಿದ್ದರೆ ಅದು ಬರೀ ನಾಳೆಯ ಮಾತಾಗುತ್ತಿತ್ತು. ‘ನಾಟ್ ಅಗೇನ್’ ಎಂದಾಗ, ಈವರೆಗೆ ನೀವಿದ್ದದ್ದು ಅಧೀನತೆಯಲ್ಲಿ ಎಂಬ ತೀರ್ಪು ಭರವಸೆಯ ಒಳಗೇ ಸೇರಿಹೋಯಿತು. ಭರವಸೆಗೆ ತಲೆಯಾಡಿಸಿದವರು ತೀರ್ಪಿಗೂ ತಲೆಯಾಡಿಸಿದಂತಾಯಿತು.

ಆ ತೀರ್ಪು ಯಾರ ಮೇಲೆ? ಇಲ್ಲಿ ದಾಖಲೆಗಳು ಮಾತಾಡುತ್ತವೆ. ಘೋಷಣೆ ಹೆಸರಿಸುವ ವೀರರಾಜೇಂದ್ರನ, ಅಂದರೆ ಚಿಕ್ಕ ವೀರರಾಜೇಂದ್ರನ ಕ್ರೌರ್ಯ ಕಂಪನಿಯವರ ಕಟ್ಟುಕಥೆಯಲ್ಲ. 1820ರಲ್ಲಿ ಪಟ್ಟಕ್ಕೆ ಬಂದ ಅವನ ಕಾಲದಲ್ಲಿ ಬಂಧುಗಳ ಕೊಲೆಗಳಾದವು. ಸ್ವಂತ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸವ 1832ರಲ್ಲಿ ಜೀವ ಉಳಿಸಿಕೊಳ್ಳಲು ಮೈಸೂರಿನ ರೆಸಿಡೆಂಟ್ ಕ್ಯಾಸಮೇಜರನ ಬಳಿಗೆ ಓಡಿದರು. ಅವರನ್ನು ಒಪ್ಪಿಸಿರೆಂದು ರಾಜ ಹಟ ಹಿಡಿದದ್ದೇ ಜಗಳದ ಬೀಜ. ಈ ಒಬ್ಬ ರಾಜನ ಬಗ್ಗೆ ಮಾತ್ರ ಘೋಷಣೆ ಹೇಳಿದ್ದರೆ, ‘ಮತ್ತೆ’ ಎಂಬುದಕ್ಕೆ ಹದಿನಾಲ್ಕು ವರ್ಷಗಳ ಹಿಂದಿನವರೆಗೆ ಮಾತ್ರ ಕೈಚಾಚಲು ಆಗುತ್ತಿತ್ತು. ಆದರೆ ಅದರ ಪಕ್ಕದಲ್ಲಿರುವುದು ರಾಜನ ಹೆಸರಲ್ಲ, ‘ನೇಟಿವ್ ರೂಲ್’, ದೇಶೀ ಆಳ್ವಿಕೆ. ಹಾಗಾಗಿ ಆ ಪದದ ಕೈ ದೊಡ್ಡ ವೀರರಾಜೇಂದ್ರನವರೆಗೆ, ಅವನ ಹಿಂದಿನವರವರೆಗೆ ಹೋಯಿತು.

ದೊಡ್ಡ ವೀರರಾಜೇಂದ್ರ ಕಂಪನಿಗೆ ಯಾರಾಗಿದ್ದ? 1790ರ ಅಕ್ಟೋಬರಿನಲ್ಲಿ ಟಿಪ್ಪುವಿನ ವಿರುದ್ಧ ತಲಚೇರಿಯ ಕಂಪನಿಯವರು ಅವನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಸೂರ್ಯಚಂದ್ರರಿರುವ ತನಕ ಎರಡೂ ಕಡೆಯವರ ನಂಬಿಕೆ ಕೆಡಬಾರದು ಎಂಬ ಮಾತಿದೆ. ನಮ್ಮ ಶಾಸನಗಳ ‘ಆಚಂದ್ರಾರ್ಕ’ವೇ ಇಂಗ್ಲಿಷಿಗೆ ಹೋಗಿ ಕೂತಂತಿದೆ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಸೈನ್ಯಕ್ಕೆ ದಾರಿ, ದವಸ, ಎತ್ತು ಒದಗಿಸಿದವನು ಇದೇ ರಾಜ. ಇಬ್ಬರೂ ಭೇಟಿಯಾದ ನೆನಪಿಗೆ 1792ರಲ್ಲಿ ಅವನು ಕಟ್ಟಿಸಿದ ಪೇಟೆಯೇ ಇಂದಿನ ವಿರಾಜಪೇಟೆ. ಅವನ ತಮ್ಮ ಲಿಂಗರಾಜೇಂದ್ರ 1812ರಲ್ಲಿ ಮಾಡಿಸಿದ ಭೂಮಿಯ ಶಿಸ್ತು ಎಂಬ ಕಂದಾಯ ನಿಗದಿ, ಅವನ ಹುಕುಂನಾಮೆ, ಇವುಗಳನ್ನು ಕಂಪನಿಯೂ ಆಮೇಲಿನ ಬ್ರಿಟಿಷ್ ಸರ್ಕಾರವೂ ಎಸೆಯಲಿಲ್ಲ. ಕೊಡಗಿನ ಕಂದಾಯ ಬಹುಕಾಲ ನಿಂತದ್ದು ಅದೇ ಶಿಸ್ತಿನ ಮೇಲೆ. ಆಳ್ವಿಕೆಯ ಕಾಗದಪತ್ರಗಳನ್ನು ಉಳಿಸಿಕೊಂಡು ಆಳಿದವರನ್ನು ಮಾತ್ರ ‘ಅಧೀನತೆ’ ಎಂಬ ಖಾತೆಗೆ ಬರೆದದ್ದು ಸರಿಯಲ್ಲ. ಆ ಅನ್ಯಾಯ ಮಾಡಿದ್ದು ಒಂದು ಪುಟ್ಟ ಅವ್ಯಯ.

ಅದೇ ವರ್ಷದ ಮಾರ್ಚ್‌ನಲ್ಲಿ ಫ್ರೇಜರ್ ಹೊರಡಿಸಿದ ಇನ್ನೊಂದು ಘೋಷಣೆಯಿದೆ, ಯುದ್ಧ ಸಾರಿದ ಕಾಗದ. ಅದನ್ನು ಮೇ ತಿಂಗಳ ಕಾಗದದ ಪಕ್ಕದಲ್ಲಿಟ್ಟು ಓದಿದಾಗ ಮತ್ತೊಂದು ಕ್ರಿಯಾವಿಶೇಷಣ ಎರಡೂ ಕಡೆ ಕಣ್ಣಿಗೆ ಬಿತ್ತು: ‘ಇನ್ವೇರಿಯಬ್ಲಿ’, ತಪ್ಪದೆ, ಸದಾಕಾಲ. ಮಾರ್ಚ್‌ನ ಕಾಗದದಲ್ಲಿ ಅದು ಹಿಂದಿನದಕ್ಕೆ ಅಂಟಿಕೊಂಡಿದೆ: ರಾಜನಿಗೂ ಅವನ ಪೂರ್ವಿಕರಿಗೂ ಕಂಪನಿ ಸದಾಕಾಲ ದಯೆ, ರಕ್ಷಣೆ ನೀಡುತ್ತ ಬಂದಿದೆ. ಮೇ ತಿಂಗಳದರಲ್ಲಿ ಮುಂದಿನದಕ್ಕೆ: ನಿಮ್ಮ ಸುಖವನ್ನು ಸದಾಕಾಲ ಬಯಸುತ್ತೇವೆ. ಒಂದೇ ಪದ, ಒಂದೇ ಸಹಿ, ಎರಡೇ ತಿಂಗಳ ಅಂತರ. ಮೊದಲ ಕಾಗದದಲ್ಲಿ ಪೂರ್ವಿಕ ರಾಜರು ದಯೆಗೆ ಪಾತ್ರರಾದ ಮಿತ್ರರು. ಎರಡನೆಯದರಲ್ಲಿ ಅವರ ಆಳ್ವಿಕೆಯೇ ಜನ ಮತ್ತೆ ಬೀಳಬಾರದ ಹೊಂಡ. ಈ ಎರಡು ಕಾಗದಗಳನ್ನು ಯಾವಾಗಲೂ ಜೊತೆಯಾಗಿಯೇ ಓದಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಒಮ್ಮತದ ಮಾತಿಗೂ ಒಂದು ಉತ್ತರ ಈ ಎರಡು ತಿಂಗಳ ನಡುವೆಯೇ ಇದೆ. ಕಂಪನಿಯ ಸೈನ್ಯ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದ ಕಡೆಯಿಂದ ಬಂದ ಪಡೆಯನ್ನು ಏಪ್ರಿಲ್ ಮೊದಲ ವಾರದಲ್ಲಿ ಕೊಡಗಿನವರು ತಮ್ಮ ಕಡಂಗಗಳೆಂಬ ಕಾವಲು ಕಂದಕಗಳಿಂದ ಹೊಡೆದು ಹಿಮ್ಮೆಟ್ಟಿಸಿದರು. ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲೇ ಸತ್ತ. ಕುಶಾಲನಗರದ ಕಡೆಯಿಂದ ಬಂದ ಪಡೆ ಮಾತ್ರ ಹೆಚ್ಚು ಅಡ್ಡಿಯಿಲ್ಲದೆ ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಬಾವುಟ ಏರಿಸಿತು. ನಾಲ್ಕುನಾಡಿನ ಅರಮನೆಯಲ್ಲಿದ್ದ ರಾಜ ನಾಲ್ಕು ದಿನಗಳಲ್ಲಿ ಶರಣಾದ. (ಕುಶಾಲನಗರಕ್ಕೆ ಆಮೇಲೆ ಫ್ರೇಜರನ ಹೆಸರನ್ನೇ ಇಟ್ಟು ಫ್ರೇಜರ್‌ಪೇಟೆ ಎಂದು ಕರೆದರು. ಜನರ ಬಾಯಲ್ಲಿ ಹಳೆಯ ಹೆಸರೇ ಗೆದ್ದಿದೆ.)

ಈಗ ಆ ಪದವನ್ನು ಕನ್ನಡಕ್ಕೆ ತರುವ ಯೋಚನೆ ಮಾಡಿ. ಹಾಲೇರಿ ಅರಸರ ಆಡಳಿತ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರನ ‘ರಾಜೇಂದ್ರನಾಮೆ’ ಕನ್ನಡದ್ದು, ನಾಡುಗಳ ಮುಖ್ಯಸ್ಥರಾದ ತಕ್ಕರಿಗೆ ಅರಮನೆಯಿಂದ ಹೋಗುತ್ತಿದ್ದ ನಿರೂಪಗಳು ಕನ್ನಡದವು. ಫ್ರೇಜರನ ಭರವಸೆ ಆ ಕಿವಿಗಳಿಗೆ ಮುಟ್ಟಬೇಕಾದರೆ ಕನ್ನಡದ ಮೂಲಕವೇ ಹೋಗಬೇಕು. ‘ಇನ್ನೊಂದು ಸಲ ದೇಶೀ ಆಳ್ವಿಕೆಗೆ ಒಪ್ಪಿಸುವುದಿಲ್ಲ’ ಎಂದರೆ ಒಂದು ಎಣಿಕೆ. ‘ತಿರುಗಿ ಒಪ್ಪಿಸುವುದಿಲ್ಲ’ ಎಂದರೆ ಗಡೀಪಾರಾಗಿ ಕಾಶಿಗೆ ಹೊರಟ ರಾಜನನ್ನು ಹಿಂದಕ್ಕೆ ಕರೆಸುವುದಿಲ್ಲ ಎಂಬ ಧ್ವನಿ. ‘ಇನ್ನೆಂದಿಗೂ ಒಪ್ಪಿಸುವುದಿಲ್ಲ’ ಎಂದರೆ ಆಚಂದ್ರಾರ್ಕದ ಮಾತು. ಇಂಗ್ಲಿಷಿನ ಒಂದು ‘ಅಗೇನ್’ ಈ ಮೂರನ್ನೂ ಒಟ್ಟಿಗೆ ಹೊತ್ತು ನಿಲ್ಲಬಲ್ಲದು. ಕನ್ನಡದಲ್ಲಿ ಇವುಗಳಲ್ಲಿ ಒಂದನ್ನು ಆರಿಸಿದ ಕೂಡಲೇ ಭರವಸೆಯ ಒತ್ತೇ ಬೇರೆಯಾಗುತ್ತದೆ.

ಮೂರೇ ವರ್ಷಗಳಲ್ಲಿ ಆ ಪದ ಪರೀಕ್ಷೆಗೆ ಬಂತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ರಾಜನ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಾಗಿ ಕಟ್ಟಬೇಕಾಯಿತು. ರೊಕ್ಕಕ್ಕಾಗಿ ರೈತರು ಸಾಹುಕಾರರ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಎದ್ದ ದಂಗೆಯ ಮುಂದಾಳುಗಳು ಕೆದಂಬಾಡಿ ರಾಮಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು. ಅವರು ಮುಂದಿಟ್ಟ ಹೆಸರು ಹಾಲೇರಿ ವಂಶದ ಕಲ್ಯಾಣಸ್ವಾಮಿಯದು. ಆ ವೇಷದಲ್ಲಿ ನಿಂತವನು ಪುಟ್ಟಬಸಪ್ಪ. ‘ಮತ್ತೆ ಬರುವುದಿಲ್ಲ’ ಎಂದು ಕಂಪನಿ ಬರೆದುಕೊಟ್ಟದ್ದನ್ನೇ ‘ಮತ್ತೆ ಬಂದಿದೆ’ ಎಂದು ಇವರು ಸಾರಿದರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಅವರ ಬಾವುಟ ಹಾರಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಅಕ್ಟೋಬರ್ 31ರಂದು ಅಪ್ಪಯ್ಯಗೌಡನನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ನನ್ನ ಮಟ್ಟಿಗೆ ಇದು ಫ್ರೇಜರನ ‘ಒಮ್ಮತ’ಕ್ಕೂ ‘ಅಗೇನ್‌’ಗೂ ಜನ ಕೊಟ್ಟ ಅತ್ಯಂತ ಗಟ್ಟಿಯಾದ ಉತ್ತರ. ಅದೇ ಹೊತ್ತಿಗೆ ಕೊಡಗಿನ ದಿವಾನರೂ ಹಲವು ನಾಡಿನ ಕೊಡವರೂ ಕಂಪನಿಯ ಪಕ್ಷದಲ್ಲಿ ನಿಂತರು ಎಂಬುದೂ ಸತ್ಯ. ಎರಡನ್ನೂ ಮುಚ್ಚಿಡಬಾರದು.

ಹಾಗೆ ನಿಂತವರಿಗೆ ಕಂಪನಿ ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಟಂಕಿಸಿ ಹಂಚಿತು. ಸಂಗ್ರಾಹಕರ ಲೋಕದಲ್ಲಿ ಅದಕ್ಕೆ ಕೂರ್ಗ್ ಮೆಡಲ್ ಎಂದೇ ಹೆಸರು. ಒಂದು ಬದಿಯಲ್ಲಿ ಕುಪ್ಯ ಎಂಬ ನಿಲುವಂಗಿ ತೊಟ್ಟ, ಕೋವಿ, ಕತ್ತಿಯ ಕೊಡಗಿನ ವೀರ. ಇನ್ನೊಂದು ಬದಿಯಲ್ಲಿ ಆಯುಧಗಳ ಗುಚ್ಛ. ಅದರ ಮೇಲೆ ಇಂಗ್ಲಿಷೂ ಇದೆ, ಕನ್ನಡವೂ ಇದೆ. ಈ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದಾಖಲೆ ಇದೇ, ಏಕೆಂದರೆ ಎರಡು ಭಾಷೆಗಳು ಇಲ್ಲಿ ಅಂಗೈಯಗಲದ ಲೋಹದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಸಿಗುತ್ತವೆ. ಇಂಗ್ಲಿಷ್ ಹೇಳುವುದು ‘ಬ್ರಿಟಿಷ್ ಸರ್ಕಾರ’ಕ್ಕೆ ತೋರಿದ ನಿಷ್ಠೆಯನ್ನು, 1837ರ ಏಪ್ರಿಲ್ ಎಂಬ ಒಂದೇ ತಿಂಗಳನ್ನು. ಕನ್ನಡ ಹೇಳುವುದು ಕಂಪನಿಯ ಸರ್ಕಾರಕ್ಕೆ ತೋರಿದ ನಿಷ್ಠೆಯನ್ನು, ಏಪ್ರಿಲ್ ಮತ್ತು ಮೇ ಎರಡು ತಿಂಗಳಲ್ಲಿ ದಂಗೆ ಅಡಗಿಸಿದ್ದನ್ನು. ಕಂಪನಿಯ ಕಾಗದಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಓದಿ ಕೊಡಗಿನ ಇತಿಹಾಸ ಬರೆಯಬಾರದು ಎನ್ನಲು ಇಷ್ಟು ಸಾಕು.

‘ಅಗೇನ್’ ಎಷ್ಟು ಗಟ್ಟಿ ಎಂದು ತಿಳಿಯಲು ಪಕ್ಕದ ಮೈಸೂರನ್ನು ನೋಡಬೇಕು. 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿತು. ಕೊಡಗಿನ ತೀರ್ಮಾನ ಮಾಡಿದ ವಿಲಿಯಂ ಬೆಂಟಿಂಕನೇ ಆಗ ಕೂಡ ಗವರ್ನರ್ ಜನರಲ್. ಆದರೆ ಅಲ್ಲಿ ಮತ್ತೆ ದೇಶೀ ಆಳ್ವಿಕೆಗೆ ಬಿಡುವುದಿಲ್ಲ ಎಂದು ಜನರಿಗೆ ಯಾರೂ ಬರೆದುಕೊಡಲಿಲ್ಲ. ಐವತ್ತು ವರ್ಷ ಕಮಿಷನರುಗಳು ಆಳಿದ ಮೇಲೆ, 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಗಿರಿಜೆಯ ಬಾಗಿಲಿನ ಹಾಗೆ ಅದು ಮೊದಲಿನ ಸ್ಥಿತಿಗೆ ಬಂತು. ಅಲ್ಲಿಯವರೆಗೆ ಕೊಡಗಿನ ಆಡಳಿತವೂ ಬೆಂಗಳೂರಿನಲ್ಲಿದ್ದ ಮೈಸೂರಿನ ಕಮಿಷನರ ಕೈಯಲ್ಲೇ ಇತ್ತು. 1881ರಲ್ಲಿ ಎರಡರ ದಾರಿ ಕವಲೊಡೆಯಿತು: ಮೈಸೂರು ಅರಸರಿಗೆ ಹೋಯಿತು, ಕೊಡಗು ಬ್ರಿಟಿಷರ ಬಳಿಯೇ ಉಳಿದು ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಆದರು.

ಅಷ್ಟರಲ್ಲಿ ಕೊಡಗಿಗೆ ಮರಳಬಹುದಾಗಿದ್ದ ರಾಜನೂ ಇರಲಿಲ್ಲ. ಕಾಶಿಯಲ್ಲಿ ಹಲವು ವರ್ಷ ಕಳೆದು 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಜೂನ್ 30ರಂದು ಗೌರಮ್ಮನ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತಳು. ರಾಜ ಹೂಡಿದ ದಾವೆ ರಾಜ್ಯಕ್ಕಾಗಿ ಅಲ್ಲ, ಕಂಪನಿ ತಡೆಹಿಡಿದ ಸಾಲಪತ್ರಗಳ ಹಣಕ್ಕಾಗಿ. 1859ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡ, ಮರುವರ್ಷ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಯುದ್ಧದಲ್ಲಿ ಸಾರ್ವಭೌಮ ಶಕ್ತಿಯಾಗಿ ಕಂಪನಿ ವಶಪಡಿಸಿಕೊಂಡದ್ದನ್ನು ಪ್ರಶ್ನಿಸಲು ಬರುವುದಿಲ್ಲ ಎಂಬುದು ಅದರ ತಿರುಳು. ಕಾನೂನು ವರದಿಗಳಲ್ಲಿ ಆ ಮೊಕದ್ದಮೆಯ ಹೆಸರೇ ‘ಕೊಡಗಿನ ಮಾಜಿ ರಾಜ’ ಎಂದು ಶುರುವಾಗುತ್ತದೆ.

1947ರಲ್ಲಿ ಭರವಸೆ ಕೊಟ್ಟವರೇ ಹೊರಟುಹೋದರು. 1950ರಲ್ಲಿ ಕೊಡಗು ಭಾರತದ ‘ಸಿ’ ವರ್ಗದ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ 15ನ್ನು ಕಾಂಗ್ರೆಸ್ ಗೆದ್ದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷದವರು ಮೈಸೂರಿನ ಜೊತೆ ವಿಲೀನ ಬೇಡವೆಂದು ವಾದಿಸಿದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಯಿತು. ಆ ಹೊಸ ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರು. ಅರಸರಾಗಿ ಅಲ್ಲ, ಸಂವಿಧಾನದ ಅಡಿಯಲ್ಲಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂದದ್ದೂ 1956ರಲ್ಲೇ. ಇಷ್ಟು ಹೊತ್ತಿಗೆ ಫ್ರೇಜರನ ವಾಕ್ಯದ ಒಂದೊಂದು ಪದವೂ ತನ್ನ ವಸ್ತುವನ್ನು ಕಳೆದುಕೊಂಡಿತ್ತು: ‘ನೇಟಿವ್’ ಎಂದು ಹೊರಗಿನಿಂದ ಕರೆಯುವವರಿರಲಿಲ್ಲ, ಆಳುವವರನ್ನು ಆಳಿಸಿಕೊಳ್ಳುವವರೇ ಆರಿಸುತ್ತಿದ್ದರು.

ಉಳಿದುಕೊಂಡದ್ದು ‘ಅಗೇನ್’ನ ಹಿಂದುಗಡೆಯ ಅರ್ಥ. ಹಾಲೇರಿ ಅರಸರ ಕಾಲವೆಂದರೆ ಕ್ರೌರ್ಯದ ಕಾಲ, ಅದರಿಂದ ಕೊಡಗನ್ನು ಬಿಡಿಸಿದವರು ಬ್ರಿಟಿಷರು ಎಂಬ ಮಾತು ಇಂದಿಗೂ ಪಠ್ಯಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಸಲೀಸಾಗಿ ಬರುತ್ತದೆ. ಒಬ್ಬ ರಾಜನ ಹದಿನಾಲ್ಕು ವರ್ಷಗಳನ್ನು ಎರಡು ಶತಮಾನಗಳ ಮೇಲೆ ಹೊದಿಸುವ ಈ ಓದು ಆ ಘೋಷಣೆಯ ವಾಕ್ಯರಚನೆಯಲ್ಲೇ ಹುಟ್ಟಿದ್ದು ಎಂದು ದಾಖಲೆಗಳನ್ನು ಜೋಡಿಸಿ ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಭರವಸೆಗಳನ್ನು ಓದುವಾಗ ನಾವು ಕ್ರಿಯಾಪದಗಳನ್ನು ನೋಡುತ್ತೇವೆ, ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು. ಕೊಡಗಿನ ಮಟ್ಟಿಗೆ ಪಕ್ಕದ ಪದವನ್ನೂ ನೋಡಬೇಕು.

ಕೊನೆಗೆ ಕೊಡಗಿನ, ಸುಳ್ಯ–ಪುತ್ತೂರು ಸೀಮೆಯ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಐನ್‌ಮನೆಗಳಲ್ಲಿ, ಹಳೆಯ ಗುತ್ತುಗಳಲ್ಲಿ, ಮಠ ದೇವಸ್ಥಾನಗಳಲ್ಲಿ ಸನದು, ನಿರೂಪ, ಹುಕುಂನಾಮೆಯ ನಕಲು, 1834ರಿಂದ 1837ರವರೆಗಿನ ಕನ್ನಡದ ಯಾವುದೇ ಸರ್ಕಾರಿ ಕಾಗದ ಇದ್ದರೆ ದಯವಿಟ್ಟು ಅದನ್ನು ಗೆದ್ದಲಿಗೆ ಬಿಡಬೇಡಿ. ಮೂಲವನ್ನು ಯಾರಿಗೂ ಕೊಡಬೇಕಿಲ್ಲ. ಒಳ್ಳೆಯ ಬೆಳಕಿನಲ್ಲಿ ಪ್ರತಿ ಹಾಳೆಯ ಎರಡೂ ಮಗ್ಗುಲಿನ ಚಿತ್ರ ತೆಗೆದು, ಮೋಡಿ ಅಕ್ಷರ ಓದಬಲ್ಲವರಿಗೆ ತೋರಿಸಿ, ಒಂದು ಪ್ರತಿಯನ್ನು ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ತಲುಪಿಸಿ.